ಕುಂಡದ ಬೇರಿಗೆ ಕಾವಲು

ತಾರಸಿಯ ಕುಂಡಗಳಲ್ಲಿ ನಿಂಬೆ, ಸೀಬೆ, ಅಂಜೂರಗಳನ್ನು ಬೆಳೆಸುವವರಿಗೆ ಎಲೆಯ ಮೇಲಣ ಕೀಟ ಬೇಗನೆ ಕಣ್ಣಿಗೆ ಬೀಳುತ್ತದೆ. ಆದರೆ ಮಣ್ಣಿನೊಳಗೆ ಅಡಗಿ ಬೇರನ್ನೇ ಆಹಾರವಾಗಿಸಿಕೊಂಡ ಗೊಣ್ಣೆಹುಳುವಿನ ಸುಳಿವು ದೊರೆಯುವುದು ಬಹುಮಟ್ಟಿಗೆ ಗಿಡ ಬಾಡಿದ ಬಳಿಕವೇ. ಮಣ್ಣು ಒದ್ದೆಯಾಗಿದ್ದರೂ ಎಲೆಗಳು ಜೋತುಬಿದ್ದಿದ್ದರೆ, ಕಾಂಡವನ್ನು ಮೆಲ್ಲನೆ ಅಲುಗಿಸಿದಾಗ ಗಿಡ ಬುಡಸಹಿತ ಓಲಾಡಿದರೆ, ಮತ್ತಷ್ಟು ನೀರು ಸುರಿಯದೆ ಬೇರಿನ ಸ್ಥಿತಿಯನ್ನು ಪರೀಕ್ಷಿಸತಕ್ಕದ್ದು.

ಗೊಣ್ಣೆಹುಳು ದುಂಬಿಯ ಮರಿ. ಮುಂಗಾರಿನ ಮೊದಲ ಮಳೆಗೆ ನೆಲ ನೆನೆದೊಡನೆ ಹೊರಬರುವ ದುಂಬಿಗಳು ಮುಸ್ಸಂಜೆಯಲ್ಲಿ ಬೇವು, ಜಾಲಿ ಮೊದಲಾದ ಮರಗಳಿಗೆ ಹಾರಿ, ಇರುಳೆಲ್ಲ ಎಲೆ ಮೇದು, ಬೆಳಕು ಹರಿಯುವ ಮುನ್ನ ಮಣ್ಣಿಗೆ ಮರಳುತ್ತವೆ; ಅಲ್ಲಿಯೇ ಮೊಟ್ಟೆಯಿಡುತ್ತವೆ. ಬಿಳಿಯ ಮೈ, ಕಂದು ತಲೆ, ಮೂರು ಜೊತೆ ಕಾಲುಗಳುಳ್ಳ ಮರಿ ಮುಟ್ಟಿದರೆ ಕುಡುಗೋಲಿನಂತೆ ಬಾಗಿಕೊಳ್ಳುತ್ತದೆ. ಎಳೆಯದಿದ್ದಾಗ ಕೊಳೆತ ಪದಾರ್ಥವನ್ನೂ ಕೂದಲುಬೇರನ್ನೂ ತಿನ್ನುವ ಇದು ಬಲಿತಂತೆ ದಪ್ಪಬೇರುಗಳಿಗೂ ಬಾಯಿಹಾಕುತ್ತದೆ. ನೆಲದ ಮರ ಬೇರನ್ನು ದೂರಕ್ಕೆ ಚಾಚಿ ಬದುಕಿಕೊಳ್ಳಬಹುದು. ಕುಂಡದ ಗಿಡಕ್ಕೆ ಆ ಅವಕಾಶವಿಲ್ಲ.

ತಾರಸಿಗೆ ದುಂಬಿ ಹಾರಿ ಬರುವುದುಂಟಾದರೂ, ಅನೇಕ ವೇಳೆ ಹುಳುವನ್ನು ಗೊಬ್ಬರದ ಚೀಲದಲ್ಲಿ ಹೊತ್ತು ತರುವವರು ನಾವೇ. ತಿಪ್ಪೆಯಲ್ಲಿ ಕಾಣುವ ಮರಿಗಳೆಲ್ಲವೂ ಬೇರು ತಿನ್ನುವವಲ್ಲ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿ ಕೊಳೆತ ಗೊಬ್ಬರವನ್ನೇ ತಿಂದು ಬೆಳೆಯುತ್ತದೆ. ಆದರೂ ಚೆನ್ನಾಗಿ ಕಳಿತ ಗೊಬ್ಬರವನ್ನಷ್ಟೇ ಆರಿಸಿ, ಬಿಸಿಲಿಗೆ ತೆಳುವಾಗಿ ಹರಡಿ, ಜರಡಿ ಹಿಡಿದ ಮೇಲೆಯೇ ಉಪಯೋಗಿಸುವುದು ಲೇಸು. ಮುಂಗಾರಿನ ಆರಂಭದ ವಾರಗಳಲ್ಲಿ ಕುಂಡದ ಬಾಯಿಗೆ, ಕಾಂಡದ ಸುತ್ತ ಸಂದುಬಿಡದಂತೆ, ಸೊಳ್ಳೆಪರದೆಯ ಬಟ್ಟೆಯನ್ನು ಬಿಗಿದರೆ ದುಂಬಿಗೆ ಮೊಟ್ಟೆಯಿಡಲು ಮಣ್ಣು ಸಿಗದು.

ಹುಳು ಈಗಾಗಲೇ ಸೇರಿದ್ದರೆ, ತಿನ್ನುವ ಹಣ್ಣಿನ ಗಿಡಕ್ಕೆ ವಿಷದ ಹರಳು ಹಾಕುವ ಮುನ್ನ ಕುಂಡವನ್ನು ಬರಿದುಮಾಡಿ ನೋಡಬೇಕು. ಗಿಡವನ್ನು ಮಣ್ಣಿನ ಹೆಂಟೆಯೊಡನೆ ಹೊರತೆಗೆದು, ಮಣ್ಣನ್ನು ಸಡಿಲಿಸಿ ಹುಳುಗಳನ್ನಾರಿಸಿ, ಕೊಳೆತ ಬೇರುಗಳನ್ನು ಕತ್ತರಿಸಿ, ಉಳಿದ ಬೇರು ಸಾಕಬಲ್ಲಷ್ಟು ಕೊಂಬೆಯನ್ನು ಮಾತ್ರ ಬಿಟ್ಟು, ಬೇವಿನ ಹಿಂಡಿ ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟು, ಚಿಗುರುವವರೆಗೆ ನೆರಳಿನಲ್ಲಿಡಬೇಕು. 1879ರಲ್ಲಿ ರಷ್ಯದ ವಿಜ್ಞಾನಿ ಮೆಚ್ನಿಕಾಫ್ ಗೋಧಿಯ ದುಂಬಿಯ ಮೇಲೆ ಪ್ರಯೋಗಿಸಿದ ಮೆಟಾರೈಜಿಯಂ ಎಂಬ ಹಸುರು ಶಿಲೀಂಧ್ರವು ಇಂದು ಪುಡಿಯ ರೂಪದಲ್ಲಿ ದೊರೆಯುತ್ತದೆ. ಅದು ಹುಳುವಿನ ಚರ್ಮವನ್ನು ಭೇದಿಸಿ ಒಳಹೊಕ್ಕು ಕೊಲ್ಲುತ್ತದೆ. ಅದಕ್ಕೆ ತೇವ ಬೇಕು. ಶಿಲೀಂಧ್ರನಾಶಕದ ಜೊತೆ ಅದನ್ನು ಬೆರೆಸಲಾಗದು.

ಹೊಲದ ರೈತನಿಗಿಲ್ಲದ ಒಂದು ಸೌಲಭ್ಯ ಕುಂಡದವನಿಗುಂಟು: ತನ್ನ ಗಿಡದ ಮಣ್ಣನ್ನೆಲ್ಲ ಆತ ಒಂದು ಗೋಣಿತಾಟಿನ ಮೇಲೆ ಹರಡಿ ನೋಡಬಲ್ಲ. ಮಳೆಗಾಲ ಮುಗಿಯುವ ಮುನ್ನ ಒಮ್ಮೆಯಾದರೂ ಹಾಗೆ ನೋಡುವವನಿಗೆ ಔಷಧದ ಗೊಡವೆ ಅಪರೂಪ.