ಬಿಲ್ಲಿನ ಆಕಾರ, ಗೀಜರಿನ ಶಕ್ತಿ

ಮಹಾವಿತರಣದ ವಿದ್ಯುತ್ ಬಿಲ್ಲಿನಲ್ಲಿ ‘ಸ್ಥಿರ ಆಕಾರ’, ‘ವೀಜ ಆಕಾರ’, ‘ವಹನ ಆಕಾರ’ ಎಂಬ ಸಾಲುಗಳಿರುತ್ತವೆ. ಮಾಧವನಗರದ ಕನ್ನಡ ಮನೆಯಲ್ಲಿ ಆರನೆಯ ಇಯತ್ತೆಯ ಮಗು ಇವನ್ನು ಓದಿದರೆ ಅದಕ್ಕೆ ಹೊಳೆಯುವುದು ಚೌಕ, ತ್ರಿಕೋನ, ವೃತ್ತ. ಮರಾಠಿ ಬಿಲ್ಲಿನಲ್ಲಿ ಆಕಾರವೆಂದರೆ ಶುಲ್ಕ. ಜಮೀನಿನ ಉತಾರ ಓದಿ ಬಲ್ಲ ಹಿರಿಯರಿಗೆ ಈ ಅರ್ಥ ಹೊಸದಲ್ಲ. ಮಕ್ಕಳಿಗೆ ಹೇಳಿಕೊಟ್ಟವರು ಮಾತ್ರ ವಿರಳ.

ಗಡಿಭಾಗದ ಕನ್ನಡಿಗರಿಗೆ ತಾಂತ್ರಿಕ ಶಬ್ದಗಳ ತೊಡಕು ಇಂಗ್ಲಿಷಿನಿಂದ ಬರುವುದಕ್ಕಿಂತ, ಎರಡೂ ಭಾಷೆಗಳು ಹಂಚಿಕೊಂಡ ಸಂಸ್ಕೃತ ಶಬ್ದಗಳಿಂದಲೇ ಹೆಚ್ಚು ಬರುತ್ತದೆ. ಮರಾಠಿ ವಿಜ್ಞಾನದಲ್ಲಿ ‘ಉಷ್ಣತಾ’ ಎಂದರೆ ಶಾಖ. ಬಿಸಿಯ ಮಟ್ಟಕ್ಕೆ ‘ತಾಪಮಾನ’ ಎನ್ನುತ್ತಾರೆ. ಕನ್ನಡ ಪತ್ರಿಕೆಗಳಲ್ಲಿ ‘ಗರಿಷ್ಠ ಉಷ್ಣತೆ’ ಎಂದರೆ ಆ ಮಟ್ಟವೇ. ‘ಶಕ್ತಿ’ಯದು ಇನ್ನೂ ಗೊಂದಲ. ಕೆಲಸ ಮಾಡುವ ಕ್ಷಮತೆಯನ್ನು ಕನ್ನಡ ಶಕ್ತಿಯೆಂದರೆ ಮರಾಠಿ ಊರ್ಜಾ ಎನ್ನುತ್ತದೆ. ಮರಾಠಿಯ ‘ಶಕ್ತಿ’ ಕೆಲಸ ನಡೆಯುವ ವೇಗ. ಕನ್ನಡದಲ್ಲಿ ಅದು ಸಾಮರ್ಥ್ಯ.

ಈ ಭೇದ ತಿಳಿಯದೆ ಗೀಜರಿನ ಚೀಟಿಯೂ ಬಿಲ್ಲೂ ಅರ್ಥವಾಗುವುದಿಲ್ಲ. ಗೀಜರಿನ ಮೇಲೆ ಬರೆದ 2 ಕಿಲೋವ್ಯಾಟ್ ಅದರ ಸಾಮರ್ಥ್ಯ. ಬಿಲ್ಲಿನ ‘ಯುನಿಟ್’ ಎಂದರೆ ಕಿಲೋವ್ಯಾಟ್-ಗಂಟೆ, ಅಂದರೆ ಬಳಸಿದ ಶಕ್ತಿಯ ಪ್ರಮಾಣ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1.16 ಯುನಿಟ್ ಬೇಕು. 2 ಕಿಲೋವ್ಯಾಟ್ ಗೀಜರಿಗೆ ಹತ್ತಿರ ಹತ್ತಿರ 35 ನಿಮಿಷದ ಕೆಲಸ. 50 ಡಿಗ್ರಿಗೇ ನಿಲ್ಲಿಸಿದರೆ 0.87 ಯುನಿಟ್ ಸಾಕು. ಬಿಲ್ಲಿನಲ್ಲಿ ಕಾಣುವ ‘ಮಂಜೂರ ಭಾರ’ವೂ ಕಿಲೋವ್ಯಾಟಿನಲ್ಲಿಯೇ ಇರುತ್ತದೆ, ಅದು ಮನೆ ಒಮ್ಮೆಗೆ ಎಷ್ಟು ಎಳೆಯಬಹುದೆಂಬುದರ ಮಿತಿ, ತಿಂಗಳಿಗೆ ಎಷ್ಟು ಬಳಸಿತೆಂಬುದರ ಲೆಕ್ಕವಲ್ಲ.

ನೀರು ಎಷ್ಟು ಡಿಗ್ರಿಗೆ ನಿಲ್ಲಬೇಕೆಂದು ನೋಡಿಕೊಳ್ಳುವುದು ಥರ್ಮೋಸ್ಟಾಟ್, ಅಂದರೆ ತಾಪನಿಯಂತ್ರಕ. ಗುಬ್ಬಿಯನ್ನು ಕೊನೆಯವರೆಗೆ ತಿರುವಿದರೆ ನೀರು ಬೇಗ ಕಾಯುತ್ತದೆಂಬ ನಂಬಿಕೆ ಅನೇಕರಲ್ಲಿದೆ. ಬೇಗ ಕಾಯುವುದಿಲ್ಲ; ಹೆಚ್ಚು ಹೊತ್ತು ಕಾಯುತ್ತದೆ, ಅಷ್ಟೆ. ನಿಗದಿತ ಮಟ್ಟ ಮುಟ್ಟಿದಾಗ ನಿಯಂತ್ರಕವು ವಿದ್ಯುತ್ತನ್ನು ಕಡಿಯುತ್ತದೆ, ನೀರು ಕೆಲವು ಡಿಗ್ರಿ ತಣಿದಾಗ ಮತ್ತೆ ಜೋಡಿಸುತ್ತದೆ. ಅದು ಕೆಟ್ಟರೆ ಕಾಪಾಡಲು ‘ಥರ್ಮಲ್ ಕಟ್-ಔಟ್’ ಎಂಬ ಇನ್ನೊಂದು ಕಾವಲುಗಾರನಿದ್ದಾನೆ. ಇದು ಪದೇ ಪದೇ ಬೀಳುತ್ತಿದ್ದರೆ ತಂತಿ ಸೇರಿಸಿ ದಾಟಿಸುವುದು ಪ್ರಾಣಾಪಾಯ. ಬಲ್ಲ ಎಲೆಕ್ಟ್ರಿಷಿಯನ್ನನಿಗೇ ತೋರಿಸಬೇಕು. ತಾಮ್ರದ ಬಂಬದಲ್ಲಿ ಬೆಂಕಿಯನ್ನು ಕಣ್ಣಾರೆ ಕಾಣುತ್ತಿದ್ದ ಅಜ್ಜಿಗೆ ಈ ಅಪಾಯ ಕಾಣಿಸುವುದಿಲ್ಲವೆಂಬುದೇ ಚಿಂತೆಯ ಮಾತು.

ನಕ್ಷತ್ರಗಳ ಚೀಟಿಯನ್ನು ನೀಡುವ ಯೋಜನೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋದ್ದು. ಸಂಸ್ಥೆ ಹುಟ್ಟಿದ್ದು 2001ರ ಇಂಧನ ಸಂರಕ್ಷಣಾ ಅಧಿನಿಯಮದಡಿ, 2002ರಲ್ಲಿ. ಟ್ಯಾಂಕಿರುವ ಗೀಜರಿನಲ್ಲಿ ನಕ್ಷತ್ರಗಳು ಹೇಳುವುದು, ಕಾದ ನೀರನ್ನು ಯಾರೂ ಬಳಸದೆ ಬಿಟ್ಟರೆ 24 ಗಂಟೆಗಳಲ್ಲಿ ಎಷ್ಟು ಶಾಖ ಸೋರಿಹೋಗುತ್ತದೆಂಬುದನ್ನು. ನೀರು ಕಾಯುವ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಶಬ್ದಗಳು ತಿಳಿದ ಮೇಲೂ ಬಿಲ್ಲು ತಪ್ಪೆನಿಸಿದರೆ? 2003ರ ವಿದ್ಯುತ್ ಅಧಿನಿಯಮದ 42(5)ನೆಯ ಕಲಮಿನಂತೆ ಪ್ರತಿ ವಿತರಣಾ ಪರವಾನಗಿದಾರನು ಗ್ರಾಹಕರ ಅಹವಾಲು ವೇದಿಕೆಯನ್ನು ಸ್ಥಾಪಿಸಲೇಬೇಕು. ಬಾಕಿಗಾಗಿ ಸಂಪರ್ಕ ಕಡಿಯುವ ಮುನ್ನ 56(1)ನೆಯ ಕಲಮು ಪೂರ್ಣ 15 ದಿನಗಳ ಲಿಖಿತ ನೋಟಿಸನ್ನು ಕಡ್ಡಾಯಗೊಳಿಸಿದೆ. ಕೇಳಿದ ಮೊತ್ತ, ಇಲ್ಲವೆ ಹಿಂದಿನ ಆರು ತಿಂಗಳ ಸರಾಸರಿಯಂತೆ ಬರುವ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನು ತಕರಾರು ದಾಖಲಿಸಿ ಕಟ್ಟಿದವರ ಸಂಪರ್ಕವನ್ನು, ವಿವಾದ ತೀರುವವರೆಗೆ ಕಡಿಯುವಂತಿಲ್ಲ.

ಅಹವಾಲನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಅಳುಕುವವರು ಸಂವಿಧಾನದ 350ನೆಯ ಅನುಚ್ಛೇದವನ್ನು ನೋಡಬೇಕು. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸಲು ಅದು ಪ್ರತಿಯೊಬ್ಬರಿಗೂ ಹಕ್ಕು ನೀಡಿದೆ. ಜೊತೆಗೊಂದು ಮರಾಠಿ ಪ್ರತಿ ಇಟ್ಟರೆ ಕೆಲಸ ಬೇಗ ಸಾಗುತ್ತದೆ. ಗ್ರಾಹಕ ಸಂಖ್ಯೆ, ಮೀಟರ್ ಸಂಖ್ಯೆ, ಹಿಂದಿನ ಹಾಗೂ ಚಾಲ್ತಿ ರೀಡಿಂಗುಗಳನ್ನು ಎರಡರಲ್ಲೂ ಬರೆದು, ಒಂದು ನಕಲಿನ ಮೇಲೆ ಸ್ವೀಕೃತಿಯ ಸಹಿ ಪಡೆದಿಟ್ಟುಕೊಳ್ಳಬೇಕು.