ಕಲ್ಯಾಣದ ಸೀಮೆಯಲ್ಲಿ ದೀಕ್ಷೆಯ ನೀರು

ಬ್ಯಾಪ್ಟಿಸಂಗೆ ಕನ್ನಡ ಬೈಬಲ್ಲಿನಲ್ಲಿರುವ ಪದ ‘ದೀಕ್ಷಾಸ್ನಾನ’. ಗ್ರೀಕ್ ಮೂಲದಲ್ಲಿ ಅದ್ದು, ಮುಳುಗಿಸು ಎಂಬಷ್ಟೇ ಅರ್ಥ. ‘ದೀಕ್ಷೆ’ ನಮ್ಮ ಕನ್ನಡ ಅದಕ್ಕೆ ಕೂಡಿಸಿದ ತೂಕ. ಬೇರೆ ಊರಿನಲ್ಲಾದರೆ ಈ ಪದ ಸುಮ್ಮನೆ ಕಿವಿ ದಾಟಿ ಹೋದೀತು. ಬಸವಕಲ್ಯಾಣದಲ್ಲಿ ಹಾಗಲ್ಲ. ಕೊರಳಿಗೆ ಇಷ್ಟಲಿಂಗ ಬಂದ ಮೇಲೆ ಹಿಂದಿನ ಕುಲ ಕೇಳಕೂಡದು ಎಂದು ಹನ್ನೆರಡನೇ ಶತಮಾನದಲ್ಲೇ ಹಠ ಹಿಡಿದ ಊರು ಅದು. ಪಕ್ಕದ ಹುಮನಾಬಾದೂ ಕಡಿಮೆಯಲ್ಲ. ಎಲ್ಲ ಮತಕ್ಕೂ ಜಾಗ ಕೊಟ್ಟ ಮಾಣಿಕಪ್ರಭುಗಳ ಸಕಲಮತ ಸಂಪ್ರದಾಯ ಬೇರುಬಿಟ್ಟದ್ದು ಅಲ್ಲೇ.

ಬೀದರ್ ಜಿಲ್ಲೆಯಲ್ಲಿ ಕ್ರೈಸ್ತರೆಂದರೆ ಬಹುಪಾಲು ಮೆಥೊಡಿಸ್ಟರು. ಹತ್ತೊಂಬತ್ತನೇ ಶತಮಾನದ ಕೊನೆಗೆ, ನಿಜಾಮರ ಆಳ್ವಿಕೆಯಲ್ಲಿ, ಅಮೆರಿಕದ ಮಿಷನರಿಗಳು ಇತ್ತ ಬಂದರು. ಅವರ ಮಾತಿಗೆ ಹೆಚ್ಚಾಗಿ ಓಗೊಟ್ಟದ್ದು ಊರಾಚೆಯ ಕೇರಿಗಳು.

ಮೆಥೊಡಿಸ್ಟರಲ್ಲಿ ಕೂಸಿಗೂ ದೀಕ್ಷಾಸ್ನಾನವುಂಟು. ಪಾಸ್ಟರ್ ಬಟ್ಟಲಿಗೆ ಕೈಯದ್ದಿ, ತಂದೆ, ಮಗ, ಪವಿತ್ರಾತ್ಮ ಎಂದು ಹೇಳುತ್ತ ಕೂಸಿನ ನೆತ್ತಿಗೆ ನೀರು ಬಿಡುತ್ತಾರೆ. ನೀರು ಕಿವಿಯ ಹಿಂದೆ ಇಳಿದು ಹೊಸ ಅಂಗಿಯ ಕೊರಳು ತೋಯುತ್ತದೆ, ಕೂಸು ಕಿರುಚುತ್ತದೆ, ಅಜ್ಜಿ ಸೆರಗಿನಿಂದ ಒರೆಸುತ್ತಾಳೆ. ಅರ್ಧ ನಿಮಿಷದ ಕೆಲಸ. ಅರಿಯದ ಕೂಸಿಗೆಂಥ ದೀಕ್ಷೆ ಎನ್ನುತ್ತಾರೆ ಪೆಂಟೆಕೋಸ್ಟ್ ಸಭೆಯವರು. ಅವರಲ್ಲಿ ಬುದ್ಧಿ ಬಲಿತು, ಬಾಯಿಬಿಟ್ಟು ನಂಬಿಕೆ ಹೇಳಿದವರಿಗೇ ಸ್ನಾನ, ಅದೂ ತಲೆ ಮುಳುಗುವಂತೆ. ಮುಳುಗಿದರೆ ಹಳೆಯ ಬಾಳು ಮಣ್ಣಾಯಿತು, ಎದ್ದರೆ ಕ್ರಿಸ್ತನೊಡನೆ ಮರುಹುಟ್ಟು. ಇದು ಪೌಲ ರೋಮಿನವರಿಗೆ ಬರೆದ ಕಾಗದದ ಚಿತ್ರ.

ಲಿಂಗಾಯತರಿಗೆ ಈ ವಾದ ಅಪರಿಚಿತವೇನಲ್ಲ. ಬಸುರಿಯ ಎಂಟನೇ ತಿಂಗಳಲ್ಲೇ ಹೊಟ್ಟೆಯೊಳಗಿನ ಕೂಸಿಗೆಂದು ಲಿಂಗ ಕಟ್ಟುವ ಪದ್ಧತಿಯುಂಟು. ಅರಿವು ಬಂದ ಮೇಲೆ ದೀಕ್ಷೆ ಬೇರೆ. ಮೆಥೊಡಿಸ್ಟರ ಕೂಸೂ ದೊಡ್ಡದಾಗಿ ಸಭೆಯೆದುರು ತಾನೇ ಒಪ್ಪಿಕೊಳ್ಳಬೇಕು, ಅದು ದೃಢೀಕರಣ.

ಇನ್ನು ನೀರೆಷ್ಟು ಬೇಕು ಎಂಬ ತಕರಾರು. ಆದಿಸಭೆಯ ‘ದಿದಾಖೆ’ ಎಂಬ ಕೈಪಿಡಿ ಅದನ್ನು ಎಂದೋ ಬಗೆಹರಿಸಿದೆ: ಹರಿವ ನೀರು ಲೇಸು, ಇಲ್ಲವಾದರೆ ಬೇರೆ ನೀರು, ತಣ್ಣೀರಾಗದಿದ್ದರೆ ಬಿಸಿನೀರು, ಅದೂ ಸಾಲದಿದ್ದರೆ ತಲೆಗೆ ಮೂರು ಸಲ ಹೊಯ್ದರಾಯಿತು. ನಮ್ಮ ಕಡೆಯ ಬೇಸಗೆ ನೋಡಿಯೇ ಬರೆದಂತಿದೆ!

ಕಷ್ಟವಿರುವುದು ನೀರು ಆರಿದ ಮೇಲೆ. ಕಲ್ಯಾಣದ ಕಥೆಯಲ್ಲೂ ಅಷ್ಟೇ. ಸಮಗಾರ ಹರಳಯ್ಯ, ಬ್ರಾಹ್ಮಣ ಮೂಲದ ಮಧುವರಸ ಇಬ್ಬರೂ ಲಿಂಗ ಕಟ್ಟಿಕೊಂಡಾಗ ಊರು ಹೇಗೋ ಸಹಿಸಿತು. ಒಬ್ಬರ ಮಗ, ಇನ್ನೊಬ್ಬರ ಮಗಳು, ಬೀಗತನ ಎಂದಾಗ ಬಿಜ್ಜಳನ ಆಜ್ಞೆಯಂತೆ ಇಬ್ಬರನ್ನೂ ಎಳೆಹೂಟೆ ಕಟ್ಟಿ ಕೊಂದರೆಂದು ಶರಣ ಪರಂಪರೆ ನೆನೆಯುತ್ತದೆ. ಹರಳಯ್ಯನ ಗವಿ ಈಗಲೂ ಊರಿನಲ್ಲಿದೆ. ದೀಕ್ಷಾಸ್ನಾನವಾದವರಲ್ಲಿ ಯೆಹೂದ್ಯ, ಗ್ರೀಕ, ಆಳು, ಒಡೆಯ ಎಂಬ ಭೇದವಿಲ್ಲವೆಂದು ಪೌಲನೂ ಗಲಾತ್ಯದವರಿಗೆ ಬರೆದ. ಆದರೂ ಗಂಡು-ಹೆಣ್ಣಿನ ಮಾತು ಬಂದಾಗ ‘ಮೊದಲು ಯಾವ ಮಂದಿ?’ ಎಂದು ಮೆಲ್ಲಗೆ ಕೇಳುವವರು ಕ್ರೈಸ್ತರಲ್ಲೂ ಇದ್ದಾರೆ.

ಸರ್ಕಾರದ ಲೆಕ್ಕ ಇದಕ್ಕೆ ತದ್ವಿರುದ್ಧ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗೇ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪರಿಶಿಷ್ಟ ಜಾತಿ ಪ್ರಮಾಣಪತ್ರದ ಕೋರಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದಾಗ, ಕೂಸಾಗಿದ್ದಾಗ ಆಕೆಗಾದ ದೀಕ್ಷಾಸ್ನಾನವೂ ಸಾಕ್ಷ್ಯದಲ್ಲಿತ್ತು. ಕೇರಿಯವರ ಕಣ್ಣಿಗೆ ಹೋಗದ ಜಾತಿ ಕಚೇರಿಯ ಕಾಗದದಲ್ಲಿ ಮಾತ್ರ ತೊಳೆದುಹೋಗುತ್ತದೆ.

ಮಗುವನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಧರ್ಮಕ್ಕೊಂದು, ಜಾತಿಗೊಂದು ಕಾಲಂ. ಮೊದಲನೆಯದನ್ನು ತುಂಬಿದ ಅಪ್ಪ ಎರಡನೆಯದಕ್ಕೆ ಬಂದು ಪೆನ್ನು ತಡೆದು, ಮಾಸ್ತರರ ಮುಖ ನೋಡುತ್ತಾನೆ.