ಹಳೆಯ ರೇವಾಗೆ ಲಿಥಿಯಂ: ಚಾರ್ಜರ್‌ಗೆ ಸಾಕು ಅನ್ನುವವರು ಯಾರು?

2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಎಲೆಕ್ಟ್ರಿಕ್ ಕಾರುಗಳಲ್ಲಿ ಕೆಲವು ಇನ್ನೂ ಮನೆಯ ಶೆಡ್ಡುಗಳಲ್ಲಿವೆ. ಪ್ಲಾಸ್ಟಿಕ್ ಮೈಗೆ ತುಕ್ಕಿನ ಭಯವಿಲ್ಲ, ಮೋಟರ್ ಕೂಡ ಗಟ್ಟಿ. ಕೈಕೊಡುವುದು ಬ್ಯಾಟರಿ. ಮುಂದಿನ ಸೀಟುಗಳ ಕೆಳಗಿರುವ 6 ವೋಲ್ಟಿನ ಎಂಟು ಲೆಡ್-ಆಸಿಡ್ ಬ್ಯಾಟರಿಗಳು ಸೇರಿ 48 ವೋಲ್ಟ್ ಕೊಡುತ್ತವೆ. ತೂಕ ಸುಮಾರು ಕಾಲು ಟನ್. ಇವನ್ನು ತೆಗೆದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಕೂರಿಸಿದರೆ ಕಾರಿಗೆ ಮರುಜೀವ ಬರುತ್ತದೆ. ಆದರೆ ಸೆಲ್ ಕೊಳ್ಳುವ ಮೊದಲು ಯೋಚಿಸಬೇಕಾದದ್ದು ಚಾರ್ಜರ್ ಬಗ್ಗೆ.

ಈ ಜಾತಿಯ ಒಂದು ಸೆಲ್ 3.2 ವೋಲ್ಟ್. ಹದಿನಾರನ್ನು ಸಾಲಾಗಿ ಜೋಡಿಸಿದರೆ 51.2 ವೋಲ್ಟ್, ತುಂಬಿದಾಗ ಸೆಲ್ಲಿಗೆ 3.65ರಂತೆ 58.4. ಹಳೆಯ ಲೆಡ್-ಆಸಿಡ್ ಚಾರ್ಜರ್ ಕೂಡ ಸರಿಸುಮಾರು 58 ವೋಲ್ಟಿಗೇ ಏರುತ್ತದೆ. ಎರಡೂ ಅಂಕಿ ಹತ್ತಿರವಿರುವುದೇ ಮೋಸ. ಲೆಡ್-ಆಸಿಡ್ ಚಾರ್ಜರ್ ಆಗಾಗ ಸೆಲ್‌ಗಳನ್ನು ಸಮ ಮಾಡಲೆಂದು 62 ವೋಲ್ಟ್ ದಾಟಿಸುತ್ತದೆ. ಲೆಡ್-ಆಸಿಡ್‌ನಲ್ಲಿ ಆಗ ನೀರು ಗುಳ್ಳೆಯೆದ್ದು ಹೋಗುತ್ತದೆ, ಮತ್ತೆ ತುಂಬಿಸಬಹುದು. ಲಿಥಿಯಂನಲ್ಲಿ ಅದೇ ವೋಲ್ಟೇಜ್ ಸೆಲ್ಲಿಗೆ 3.9ರ ಹತ್ತಿರ ಬೀಳುತ್ತದೆ. ಒಳಗಿನ ದ್ರಾವಣ ಕೆಡುತ್ತದೆ, ಸೆಲ್ ಉಬ್ಬುತ್ತದೆ.

ವೋಲ್ಟೇಜ್ ಸರಿಯಾಗಿ ಹೊಂದಿಸಿದ ಹೊಸ ಚಾರ್ಜರ್ ಇದ್ದರೂ ಅಪಾಯ ತೀರಿತು ಅನ್ನುವಂತಿಲ್ಲ. ಹದಿನೈದು ಸೆಲ್ 3.48ರಲ್ಲಿವೆ, ಒಂದು ಮಾತ್ರ ಮೊದಲೇ ತುಂಬಿ 3.80 ಮುಟ್ಟಿದೆ ಎಂದುಕೊಳ್ಳಿ. ಒಟ್ಟು 56 ವೋಲ್ಟ್. ಚಾರ್ಜರ್‌ಗೆ ಕಾಣುವುದು ಒಟ್ಟು ಮೊತ್ತ ಮಾತ್ರ, ಹಾಗಾಗಿ ಇನ್ನೂ 2.4 ವೋಲ್ಟ್ ಬಾಕಿ ಎಂದು ತಳ್ಳುತ್ತಲೇ ಇರುತ್ತದೆ. ಪ್ರತಿ ಸೆಲ್ ಮೇಲೂ ಕಣ್ಣಿಡುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಚಾರ್ಜರನ್ನು ತಡೆಯಬೇಕು. ನನ್ನ ಆಯ್ಕೆ ಕ್ಯಾನ್ (ವಾಹನದ ಭಾಗಗಳು ಪರಸ್ಪರ ಮಾತಾಡುವ ಡೇಟಾ ತಂತಿ) ಸಂಪರ್ಕವಿರುವ ಚಾರ್ಜರ್: ಇಷ್ಟು ವೋಲ್ಟ್, ಇಷ್ಟು ಆಂಪಿಯರ್ ಎಂದು ಬಿಎಂಎಸ್ ಹೇಳುತ್ತಿರಬೇಕು, ಆ ಮಾತು ಕೆಲವು ಸೆಕೆಂಡು ನಿಂತರೆ ಚಾರ್ಜರ್ ತಾನಾಗಿ ನಿಲ್ಲಬೇಕು.

ಬಿಎಂಎಸ್ ಸೆಲ್‌ಗಳನ್ನೂ ಸಮ ಮಾಡುತ್ತದೆ ನಿಜ, ಆದರೆ ಬಹಳ ನಿಧಾನ. 10 ಆಂಪಿಯರ್-ಅವರ್ ವ್ಯತ್ಯಾಸವನ್ನು 100 ಮಿಲಿಆಂಪಿಯರಿನಲ್ಲಿ ಸರಿಪಡಿಸಲು 100 ಗಂಟೆ ಬೇಕು. ಅದಕ್ಕೇ ಕಾರಿಗೆ ಹಾಕುವ ಮೊದಲು ಎಲ್ಲ ಸೆಲ್‌ಗಳನ್ನೂ ಸಮಾನಾಂತರವಾಗಿ ಜೋಡಿಸಿ, ಬೆಂಚ್ ಸಪ್ಲೈಯಿಂದ ಒಟ್ಟಿಗೇ 3.65ಕ್ಕೆ ತರಬೇಕು. ದಿನಗಟ್ಟಲೆ ಹಿಡಿಯುವ ಕೆಲಸ, ಬಿಡುವಂತಿಲ್ಲ.

ಯಾವ ಸೆಲ್? ಮೊದಲ ರೇವಾದ ಮೋಟರ್ ಗರಿಷ್ಠ 13 ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ 48 ವೋಲ್ಟಿನಲ್ಲಿ ಸುಮಾರು 270 ಆಂಪಿಯರ್. ಸೋಲಾರ್‌ಗೆಂದು ಮಾರುವ 280 ಆಂಪಿಯರ್-ಅವರ್ ಸೆಲ್ ಏರಿನಲ್ಲಿ ಸ್ವಲ್ಪ ಹೊತ್ತು ಅದನ್ನು ತಡೆದೀತು. 100ರ ಸೆಲ್‌ಗಳಿಗೆ ಅದು ವಿಪರೀತ ಹೊರೆ. ದೊಡ್ಡ ಸೆಲ್ ತಲಾ ಐದೂವರೆ ಕಿಲೋ, ಹದಿನಾರಕ್ಕೆ 90 ಕಿಲೋ ಒಳಗೇ. 14 ಕಿಲೋವ್ಯಾಟ್-ಅವರ್ ಶಕ್ತಿ ಸಿಗುತ್ತದೆ. ಪ್ಯಾಕಿನ ಬಾಯಲ್ಲೇ ಡಿಸಿ ಫ್ಯೂಸ್ ಇರಲಿ, ಷಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಹಳೆಯ ಚಾರ್ಜ್ ಮುಳ್ಳನ್ನು ನಂಬಬೇಡಿ: ಲಿಥಿಯಂ ಅರ್ಧ ಖಾಲಿಯಾದರೂ ವೋಲ್ಟೇಜ್ ಹೆಚ್ಚುಕಡಿಮೆ ಅಲುಗುವುದಿಲ್ಲ. ಷಂಟ್ ಹಾಕಿ, ಒಳಹೋದದ್ದು ಹೊರಬಂದದ್ದು ಎಣಿಸುವ ಮೀಟರೇ ಬೇಕು.

ಮನೆಯ 16 ಆಂಪಿಯರ್ ಸಾಕೆಟ್ಟಿನಲ್ಲಿ ಎರಡೂವರೆ ಕಿಲೋವ್ಯಾಟ್ ಎಳೆದರೆ ಪ್ಯಾಕ್ ತುಂಬಲು ಆರು ಗಂಟೆ ಸಾಕು. ಅಷ್ಟು ಹೊತ್ತಿನ ಹೊರೆಗೆ ಸಡಿಲ ಸಾಕೆಟ್ ಕರಗುತ್ತದೆ. ಬೇರೆಯೇ ವೈರ್, ಸರಿಯಾದ ಅರ್ಥ್, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹೊರಗೆ ಚಾರ್ಜ್ ಮಾಡುವುದಾದರೆ, ಸಾರ್ವಜನಿಕ ಟೈಪ್-2 ಕೇಂದ್ರದಲ್ಲಿ ಕಾರಿನೊಂದಿಗೆ ಸಂಕೇತ ನಡೆಸುವ ಪೈಲಟ್ ತಂತಿಯಲ್ಲಿ 12 ವೋಲ್ಟ್ ಇರುತ್ತದೆ. ಕಾರಿನಲ್ಲಿರುವ ಡಯೋಡ್ ಮತ್ತು ಎರಡು ರೆಸಿಸ್ಟರ್ ಅದನ್ನು ಮೊದಲು 9ಕ್ಕೆ, ಬಳಿಕ 6ಕ್ಕೆ ಇಳಿಸಿದಾಗಲೇ ಕರೆಂಟ್ ಬರುತ್ತದೆ.

ವಾಹನದಲ್ಲಿ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ಆರ್‌ಟಿಒ, ವಿಮೆ ಎರಡನ್ನೂ ಕೆಲಸಕ್ಕೆ ಮೊದಲೇ ವಿಚಾರಿಸಿ.

ಮೊದಲ ಪೂರ್ತಿ ಚಾರ್ಜನ್ನು ಹಗಲಲ್ಲೇ, ಪಕ್ಕದಲ್ಲಿ ನಿಂತು ಮಾಡಿ. ಅರ್ಧದಲ್ಲಿ ಬಿಎಂಎಸ್‌ನಿಂದ ಚಾರ್ಜರ್‌ಗೆ ಹೋಗುವ ಕ್ಯಾನ್ ಪ್ಲಗ್ ಬೇಕೆಂದೇ ಕೀಳಿ. ಚಾರ್ಜರ್ ನಿಲ್ಲದಿದ್ದರೆ, ಅದು ನಿಲ್ಲುವಂತೆ ಸರಿಪಡಿಸುವವರೆಗೆ ಆ ಕಾರನ್ನು ರಾತ್ರಿ ಚಾರ್ಜಿಗೆ ಹಾಕಬೇಡಿ.